ನನ್ನ ರಜೆಯ ಅರ್ಜಿ ನನ್ನ ಬಳಿಗೇ ಬಂದದ್ದು

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಕಂಪ್ಯೂಟರ್ ಪರದೆಯ ಬಲ ಮೂಲೆಯಲ್ಲಿ ಒಂದು ಹಳದಿ ಚೌಕ ಎದ್ದು ಬಂತು. ನನ್ನ ಕೈಕೆಳಗಿನ ನೌಕರರೊಬ್ಬರ ಒಂದು ದಿನದ ರಜೆಯ ಅರ್ಜಿ ನನ್ನ ಒಪ್ಪಿಗೆಗಾಗಿ ಕಾದಿದೆ ಎಂದು ಅದರಲ್ಲಿತ್ತು. ನೌಕರರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು.

ಹಿಂದಿನ ಸಂಜೆಯವರೆಗೆ ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಇದ್ದದ್ದು ಒಂದು ಕೀಲಿಮಣೆ, ಅದೂ ಒಮ್ಮೊಮ್ಮೆ ನನ್ನ ಮಾತು ಕೇಳುತ್ತಿರಲಿಲ್ಲ. ಆದರೆ ನಮ್ಮ ಮ್ಯಾನೇಜರ್ ಕುಲಕರ್ಣಿ ಸರ್ ಧಾರವಾಡದಲ್ಲಿ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿಗೆಂದು ಒಂದು ವಾರ ರಜೆ ಹಾಕಿದರು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು, "ನೀವು ಮಾತಾಡೂದು ಕಡಿಮಿ. ಅದಕ್ಕ ನಿಮ್ಮ ಮ್ಯಾಲ ಭರೋಸಾ ಅದ. ವಾರದ ಮಟ್ಟಿಗೆ ನೀವ ಇನ್‌ಚಾರ್ಜ್" ಎಂದರು. ನಾನು ಮಾತಾಡಲಿಲ್ಲ. ಅವರು ತಮ್ಮ ಅಧಿಕಾರವನ್ನೆಲ್ಲ ನನ್ನ ಹೆಸರಿಗೆ ವರ್ಗಾಯಿಸಿದಾಗ ಅವರಲ್ಲಿ ಪೆಂಡಿಂಗ್ ಇದ್ದ ಅರ್ಜಿಗಳೂ ಅದರ ಜೊತೆಗೆ ನನ್ನ ಕಡೆಗೆ ಹರಿದು ಬಂದವು. ಒಟ್ಟು ಎರಡು. ಒಂದು ನನ್ನದು, ಅದು ಎಂಟು ದಿನಗಳಿಂದ ಅವರ ಬಳಿ ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬ ಸ್ಥಿತಿಯಲ್ಲಿ ಮಲಗಿತ್ತು. ಇನ್ನೊಂದು ಪಕ್ಕದ ಮೇಜಿನ ಈರಣ್ಣನದು. ಅವನಿಗೆ ಶುಕ್ರವಾರ ಮಾವನ ಮಗಳ ನಿಶ್ಚಿತಾರ್ಥ.

ಆಡಳಿತದ ಬಗ್ಗೆ ನನಗೆ ಮೂರು ವರ್ಷಗಳಿಂದ ಬಹಳ ಖಚಿತವಾದ ಅಭಿಪ್ರಾಯಗಳಿವೆ. ಯಾರಿಗೂ ಹೇಳಿಲ್ಲ, ಅಷ್ಟೆ. ಮ್ಯಾನೇಜರುಗಳು ಕೇಳಿದ್ದಕ್ಕೆ ಉತ್ತರಿಸದೆ ದಿನ ದೂಡುತ್ತಾರೆ. ದೂಡಲಾಗದಿದ್ದಾಗ ವಿವರ ಕೇಳುತ್ತಾರೆ. ವಿವರ ಕೊಟ್ಟರೆ, ಕೊಟ್ಟವರ ಮೇಲೆಯೇ ಸಿಟ್ಟಾಗುತ್ತಾರೆ. ಕೊನೆಗೆ ಇಲ್ಲ ಎನ್ನುವಾಗ ತಾವು ಹೇಳಿದ್ದೆಂದು ಹೇಳುವುದಿಲ್ಲ, ಎಲ್ಲಿಂದಲೋ ಬಂತು ಎನ್ನುತ್ತಾರೆ. ನಮ್ಮ ತಂಡ ದೂರದ ಯಾವುದೋ ದೇಶದ ದಂತವೈದ್ಯರಿಗೆ ರೋಗಿಗಳ ಸಮಯ ಗೊತ್ತುಮಾಡುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಅಲ್ಲಿ ಯಾರದೋ ದವಡೆ ಹಲ್ಲು ಅರ್ಧ ಗಂಟೆ ತಡವಾದರೆ ಇಲ್ಲಿ ಹುಬ್ಬಳ್ಳಿಯಲ್ಲಿ ಮೂರು ಮೀಟಿಂಗ್ ನಡೆಯುತ್ತವೆ. ಇಂಥ ಕಡೆ ನಾನೇನಾದರೂ ಮ್ಯಾನೇಜರ್ ಆದರೆ ಮನುಷ್ಯರನ್ನು ಮನುಷ್ಯರಂತೆ ಕಾಣುತ್ತೇನೆ ಎಂದು ಬೈರಿದೇವರಕೊಪ್ಪದಿಂದ ಆಫೀಸಿನವರೆಗೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಎಷ್ಟೋ ಸಲ ನಿರ್ಧರಿಸಿದ್ದೆ.

ಈರಣ್ಣನ ಅರ್ಜಿಯನ್ನು ಓದುವ ಮೊದಲೇ ಒಪ್ಪಿದೆ. ಮನಸ್ಸಿಗೆ ಹಿತವಾಯಿತು. ನನ್ನದನ್ನು ತೆರೆದೆ. ಗುರುವಾರ, ಅಂದರೆ ಮಾರನೆಯ ದಿನವೇ, ಒಂದು ದಿನ. ಒಪ್ಪಿಗೆಯ ಗುಂಡಿ ಹಸಿರಾಗಿ ಕಾಯುತ್ತಿತ್ತು. ಒತ್ತಿದರೆ ಮುಗಿಯಿತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಅಧಿಕಾರ ಸಿಕ್ಕ ಮೊದಲ ದಿನವೇ ತನಗೆ ತಾನೇ ರಜೆ ಕೊಟ್ಟುಕೊಂಡಳು ಎಂದು ಯಾರಾದರೂ ಅಂದರೆ? ಯಾರು ಅನ್ನುತ್ತಾರೆ ಎಂದು ಹೆಸರು ಹಿಡಿದು ಹುಡುಕಿದೆ. ಯಾರೂ ಸಿಗಲಿಲ್ಲ. ಆದರೂ ಭಯ ಹೋಗಲಿಲ್ಲ. ಊಟದ ನಂತರ ನೋಡೋಣ ಎಂದು ಮುಚ್ಚಿದೆ.

ಊಟದ ನಂತರವೂ ಧೈರ್ಯ ಬರಲಿಲ್ಲ. 'ವಿವರ ಕೇಳಿ' ಎಂಬ ಇನ್ನೊಂದು ಗುಂಡಿ ಕಂಡಿತು, ಅದನ್ನು ಒತ್ತಿದೆ. ಮರುಕ್ಷಣ, ನಿಮ್ಮ ಅರ್ಜಿಗೆ ಹೆಚ್ಚಿನ ವಿವರ ಬೇಕಾಗಿದೆ ಎಂದು ನನಗೇ ಮೇಲ್ ಬಂತು. ನಾನು ಶಿಸ್ತಿನಿಂದ ಉತ್ತರ ಬರೆದೆ: ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಹಿಂದೆ ಎರಡು ಬಾರಿ ಆಫೀಸಿನ ಕೆಲಸಕ್ಕಾಗಿ ಮುಂದೂಡಿದೆ, ಆ ವೈದ್ಯರು ತಿಂಗಳಿಗೆ ಒಮ್ಮೆ ಮಾತ್ರ ಬರುತ್ತಾರೆ, ಪೊರೆ ಗಟ್ಟಿಯಾಗುತ್ತಿದೆ, ಇನ್ನು ತಡ ಮಾಡಬಾರದು ಎಂದಿದ್ದಾರೆ, ಜೊತೆಗೆ ಒಬ್ಬರು ಇರಲೇಬೇಕು. ಕಳಿಸಿದೆ. ಈ ಕಡೆ ತಿರುಗಿ ಮ್ಯಾನೇಜರಾಗಿ ಓದಿದೆ. ಅರ್ಜಿದಾರಳ ಮೇಲೆ ಸಣ್ಣಗೆ ಸಿಟ್ಟು ಬಂತು. ಸಾಫ್ಟ್‌ವೇರಿನ ಹೊಸ ಆವೃತ್ತಿಯ ರಿಲೀಸ್ ಇರುವ ವಾರದಲ್ಲೇ ಇವರಿಗೆ ಇದೆಲ್ಲ ಬರುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲವೇ? ಇರಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷ, ನಾನು ಒಬ್ಬಳೇ ಮಗಳು. ಅದು ಈ ಮ್ಯಾನೇಜರಿಗೆ ಬೇರೆ ಯಾವ ಮ್ಯಾನೇಜರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಮೂರೂವರೆಗೆ 'ತಿರಸ್ಕರಿಸಲಾಗಿದೆ' ಎಂಬುದನ್ನು ಒತ್ತಿ, ಷರಾ ಬರೆಯುವಲ್ಲಿ "ರಿಲೀಸ್ ವಾರ, ದಯವಿಟ್ಟು ಸಹಕರಿಸಿ" ಎಂದು ಸೇರಿಸಿದೆ.

ಈರಣ್ಣ ಚಹಾ ಹಿಡಿದುಕೊಂಡು ಬಂದ. "ಮೇಡಮ್ಮಾರ, ರಜಾ ಕೊಟ್ಟಿದ್ದಕ್ಕ ಇದು. ಇಷ್ಟ ಲಗೂ ಯಾರೂ ಕೊಟ್ಟಿರಲಿಲ್ಲ ನೋಡ್ರಿ. ನಿಮ್ಮನ್ನ ಕಾಯಂ ಮಾಡ್ರಿ ಅಂತ ಅರ್ಜಿ ಬರೀತೇನಿ" ಎಂದ. ನಾನು ನಕ್ಕಂತೆ ಮಾಡಿದೆ. "ನಾಳೆ ನಿಮ್ಮ ಅವ್ವಾರ ಆಪರೇಷನ್ ಅಲ್ಲೇನ್ರಿ? ನೀವು ಆರಾಮ ಹೋಗ್ರಿ. ನಾ ಇರತೇನಲ್ಲ."

"ನನಗ ರಜಾ ಸಿಗಲಿಲ್ಲ" ಎಂದೆ.

"ಯಾರ್ ಕೊಡಲಿಲ್ರಿ? ಸಾಹೇಬ್ರು ಅಲ್ಲೆ ಹೋಮದ ಹೊಗಿಯೊಳಗ ಕೂತಾರ."

"ಮ್ಯಾಲಿಂದ ಬಂತು."

ಈರಣ್ಣ ತಲೆ ಎತ್ತಿ ಚಾವಣಿ ನೋಡಿದ. ನಮ್ಮದು ಆ ಕಟ್ಟಡದ ಕೊನೆಯ ಮಹಡಿ. "ನಮ್ಮ ಮ್ಯಾಲ ನೀರಿನ ಟಾಕಿ ಅಷ್ಟ ಐತ್ರಿ" ಎಂದ. ಆಮೇಲೆ ನನ್ನ ಮುಖ ನೋಡಿದ, ಪರದೆ ನೋಡಿದ, ಏನೋ ತಿಳಿದವನಂತೆ ಸುಮ್ಮನಾಗಿ ಚಹಾ ಇಟ್ಟು ಹೋದ. ತಮಾಷೆ ಮಾಡುವವರು ತಮಾಷೆ ನಿಲ್ಲಿಸಿದರೆ ಆಗುವ ಅವಮಾನ ದೊಡ್ಡದು.

ಮನೆಗೆ ಬಂದಾಗ ಅವ್ವ ಕೈಚೀಲ ತಯಾರು ಮಾಡಿ ಬಾಗಿಲ ಬಳಿ ಇಟ್ಟಿದ್ದಳು. ಆಸ್ಪತ್ರೆಯ ಫೈಲು, ಒಂದು ಟವೆಲು, ನನಗೆ ಹಸಿವಾದರೆ ಎಂದು ಚಪಾತಿ ಕಟ್ಟಲು ತೊಳೆದಿಟ್ಟ ಡಬ್ಬಿ. ಹೋದ ತಿಂಗಳು ಅವಳು ಧಾರವಾಡಕ್ಕೆ ಹೊರಟವಳು ಬಸ್ಸಿನ ಬೋರ್ಡು ಕಾಣದೆ ಹಳೇ ಹುಬ್ಬಳ್ಳಿಗೆ ಹೋಗಿ ಇಳಿದಿದ್ದಳು. ಅದನ್ನು ನೆರೆಮನೆಯವರಿಗೆ ನಗೆಯಾಗುವಂತೆ ಹೇಳುತ್ತಾಳೆ. ಆದರೆ ಆಮೇಲೆ ಒಬ್ಬಳೇ ಬಸ್ಸು ಹತ್ತಿಲ್ಲ.

"ರಜಾ ಸಿಗಲಿಲ್ಲವ್ವಾ" ಎಂದೆ.

ಅವಳು ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ಒರೆಸಿದಳು. "ಆತು ತಗೋ ಮಗಳ, ಮುಂದಿನ ತಿಂಗಳ ಹೋದ್ರಾತು. ಒಂದು ಕಣ್ಣರ ಐತಲ್ಲ." ಮತ್ತೆ ಮುಚ್ಚಳ ಒರೆಸಿದಳು. "ಅಲ್ಲಾ, ಕೊಡೂದಿಲ್ಲ ಅಂದವರಿಗೆ ಅವ್ವ ಇಲ್ಲೇನು?"

"ಅದಾಳ."

"ಆಕಿ ಕಣ್ಣು ಛಲೋ ಅದಾವೇನು?"

ನಾನು ಕೈಕಾಲು ತೊಳೆಯಲು ಒಳಗೆ ಹೋದೆ. ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಕೊಂಡೆ. ಆಫೀಸು ನಮ್ಮನ್ನು ಕೆಡಿಸುತ್ತದೆ ಎಂದು ಮೂರು ವರ್ಷ ನಂಬಿದ್ದೆ. ಒಂದು ಇಡೀ ದಿನ ಆಫೀಸು ನನ್ನ ಕೈಗೇ ಸಿಕ್ಕಿತ್ತು. ಅದರಲ್ಲಿ ನಾನು ಕಂಡ ಕೆಡುಕರು ಒಬ್ಬರೇ, ಅವರು ಮಿತಭಾಷಿ, ಸ್ನಾತಕೋತ್ತರ ಪದವೀಧರೆ, ಅಕ್ಷರ ದುಂಡಗೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಆಟೋ ಕರೆದು, ಅವ್ವನನ್ನು ಕೂರಿಸಿ, ಆಸ್ಪತ್ರೆಗೆ ಹೊರಟೆ. "ರಜಾ ಕೊಟ್ರೇನು ಮತ್ತ?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾರ ಸಿಟ್ಟು ಮಾಡ್ತಾರಲ್ಲ. ಭಾಳ ಕೆಟ್ಟ ಮಂದಿ ಏನು?"

"ಕೆಟ್ಟವರಲ್ಲವ್ವಾ. ಅಂಜತಾರ."

"ಪಾಪ" ಎಂದಳು ಅವ್ವ, ಮನಃಪೂರ್ವಕವಾಗಿ.

ಒಂಬತ್ತಕ್ಕೆ ಅವಳನ್ನು ಒಳಗೆ ಕರೆದುಕೊಂಡರು. ಹೋಗುವವರೆಗೂ ನನ್ನ ಬೆರಳು ಬಿಟ್ಟಿರಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಹಾಜರಿ ಪುಟ ತೆರೆದೆ. ಹತ್ತರೊಳಗೆ ತಂಡದ ಹಾಜರಿ ತುಂಬುವುದು ಇನ್‌ಚಾರ್ಜಿನ ಕೆಲಸ. ಈರಣ್ಣನ ಮುಂದೆ ಹಾಜರು ಎಂದು ತುಂಬಿದೆ. ನನ್ನ ಹೆಸರಿನ ಮುಂದೆ 'ಅನುಮತಿ ಇಲ್ಲದೆ ಗೈರುಹಾಜರು' ಎಂಬುದನ್ನು ಆರಿಸಿದೆ. ಅದನ್ನು ಆರಿಸಿದ್ದಕ್ಕೆ ಕೆಳಗೆ ಇನ್ನೊಂದು ಖಾಲಿ ಜಾಗ ತೆರೆದುಕೊಂಡಿತು: ಅನುಮತಿ ನಿರಾಕರಿಸಿದವರು ಯಾರು? ಮೇಲಿನವರು ಎಂದು ಬರೆಯಲು ಬೆರಳು ಹೋಗಿತ್ತು. ತಡೆದು, ನನ್ನ ಪೂರ್ಣ ಹೆಸರು ಬರೆದು, ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿ, ಕಳಿಸಿದೆ.