ನಲವತ್ತೈದು ದಾಟಿದ ನಾಲ್ವರು

ಓಡುವುದು ಕಷ್ಟವಲ್ಲ, ನಮ್ಮ ಕಡೆ ಓಡಲು ಬಿಡುವವರು ಸಿಗುವುದು ಕಷ್ಟ. ಪ್ರತಿ ವರ್ಷ ಒಂದೊಂದು ಊರಲ್ಲಿ ನಡೆಯುವ ಗುಡ್ಡಗಾಡು ಓಟದಲ್ಲಿ ಹದಿನಾರರ ಒಳಗಿನ ಮಕ್ಕಳಿಂದ ಹಿಡಿದು ಎಲ್ಲ ವಯಸ್ಸಿನವರಿಗೂ ಬೇರೆ ಬೇರೆ ಮೆಡಲ್ ಇರುತ್ತದೆ. ನಲವತ್ತೈದು ದಾಟಿದವರು ಮಾತ್ರ ಯಾವಾಗಲೂ ನಾಲ್ಕೇ ಜನ: ಬ್ಯಾಂಕಿನವರೊಬ್ಬರು, ಅಡಿಕೆ ವ್ಯಾಪಾರಿಯೊಬ್ಬರು, ಗಲ್ಫಿನಿಂದ ರಜೆಗೆ ಬರುವ ಸಾಹೇಬರು, ಮತ್ತೆ ಹೈಸ್ಕೂಲು ಮಾಸ್ತರನಾದ ನಾನು. ಮೆಡಲ್ ಮೂರು. ಅದರಲ್ಲೊಂದು ನನಗೆ ಬೇಕೇ ಬೇಕೆಂದು ಗೋಡೆಗೆ ಮೊದಲೇ ಮೊಳೆ ಹೊಡೆದಿಟ್ಟೆ. ಸದ್ಯಕ್ಕೆ ಅದರಲ್ಲಿ ಹೆಂಡತಿಯ ಕೊಡೆ ನೇತಾಡುತ್ತಿದೆ.

೧. ತೋಡಾರಿನ ಸುಣ್ಣದ ಗೆರೆ

ಮೊದಲ ವರ್ಷ ದಾರಿ ತಿಳಿಯಲೆಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಒಂದು ಮನೆಯ ಅಂಗಳಕ್ಕೆ ಬಂದರೆ ಗೆರೆಯೇ ಮಾಯ. ಪೊರಕೆ ಹಿಡಿದು ನಿಂತ ಆ ಮನೆಯ ಅಮ್ಮ ಹೇಳಿದರು: "ಯಾರೋ ಅಂಗಳ ಇಡೀ ಸುಣ್ಣ ಚೆಲ್ಲಿದ್ರು ಮಾರಾಯ್ರೆ, ಈಗಷ್ಟೇ ಗುಡಿಸಿದೆ."

ಅಂದಾಜಿನಲ್ಲಿ ಓಡಿ ಹೆದ್ದಾರಿಗೆ ಬಂದು ಬಿದ್ದೆ. ಬಸ್ಸೊಂದು ನಿಂತಿತು. ಮಾನ ಬಿಟ್ಟು ಹತ್ತಿದೆ.

ನನ್ನ ಎದೆಯ ಮೇಲಿನ ನಂಬರ್ ನೋಡಿದ ಕಂಡಕ್ಟರ್, "ಓಟದವರಾ? ಹಿಂದೆ ಹೋಗಿ. ನಿಮ್ಮವರು ಮೂರು ಜನ ಆಗಲೇ ಕೂತಿದ್ದಾರೆ" ಎಂದ.

೨. ಮುಂಡಾಜೆಯ ಕುಶಲೋಪರಿ

ಬಸ್ಸಿನ ದೆಸೆಯಿಂದ ಆ ಸಲ ನಮಗಾರಿಗೂ ಮೆಡಲ್ ಸಿಗಲಿಲ್ಲ. ಮರುವರ್ಷ ಸಾಹೇಬರು ನನಗಿಂತ ತುಂಬ ಮುಂದಿದ್ದರು. ಪೇಟೆ ಬಂದದ್ದೇ ತಡ, ಅಂಗಡಿ ಅಂಗಡಿಯಿಂದಲೂ ಪ್ರಶ್ನೆ: "ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು?" ಸಾಹೇಬರು ಮರ್ಯಾದಸ್ಥರು. ಒಬ್ಬೊಬ್ಬರ ಎದುರೂ ನಿಂತು, ತಾರೀಕು ಹೇಳಿ, ಕೈ ಕುಲುಕಿ ಹೊರಡುತ್ತಿದ್ದರು. ನಾನು ಒಳಗೊಳಗೇ ಖುಷಿಪಡುತ್ತಾ ಅವರನ್ನು ದಾಟಿದೆ.

ಅಷ್ಟೂ ಜನರಿಗೆ ಉತ್ತರ ಕೊಟ್ಟ ಸಾಹೇಬರು ಮೂರನೆಯವರಾಗಿ ಬಂದರು. ಯಾರೂ ಏನೂ ಕೇಳದ ನಾನು ನಾಲ್ಕನೆಯವ.

೩. ಬೆಳುವಾಯಿಯ ಬೆಲ್ಲ, ನೀರು

ಮೂರನೇ ವರ್ಷ, ದೇವರಾಣೆ, ನಾನೇ ಮುಂದಿದ್ದೆ. ಆದರೆ ಓಟದ ದಾರಿ ನನ್ನ ಹೆಂಡತಿಯ ತವರುಮನೆಯ ಅಂಗಳದಲ್ಲೇ ಹಾದುಹೋಗುತ್ತಿತ್ತು. ಚಡ್ಡಿಯಲ್ಲಿ, ಒಬ್ಬನೇ, ಏದುಸಿರು ಬಿಡುತ್ತಾ ಬಂದ ಅಳಿಯನನ್ನು ಕಂಡು ಅತ್ತೆ ಎದೆ ಹಿಡಿದುಕೊಂಡರು.

"ಅಯ್ಯೋ, ಮಗಳಿಗೆ ಏನಾಯ್ತು?"

"ಏನೂ ಆಗ್ಲಿಲ್ಲ ಅತ್ತೆ. ಇದು ಓಟ. ನಾನು ಹೋಗ್ತೇನೆ."

"ಬಾಯಾರಿಕೆಗೆ ಏನೂ ಕುಡಿಯದೆ ಹೋಗುವುದುಂಟಾ?" ಎನ್ನುತ್ತಾ ಅತ್ತೆ ಬೆಲ್ಲ, ನೀರು ತಂದರು. ಅಷ್ಟರಲ್ಲಿ ಹಿಂದಿನ ಮೂವರೂ ಬಂದುಬಿಟ್ಟರು. ಅತ್ತೆ ಅವರನ್ನೂ ಕರೆದು ಜಗಲಿಯಲ್ಲಿ ಕೂರಿಸಿದರು. ಇದೇ ಸಮಯವೆಂದು ನಾನು ಲೋಟ ಮುಟ್ಟದೆ ಮೆಲ್ಲಗೆ ಅಂಗಳಕ್ಕಿಳಿದೆ.

"ಮನೆಗೆ ಬಂದವರನ್ನು ಕೂರಿಸಿ ಅಳಿಯನೇ ಹೋಗುವುದಾ?" ಎಂಬ ಮಾತು ಬೆನ್ನಿಗೆ ಬಿತ್ತು.

ಅತ್ತೆಗೆ ಎದುರಾಡುವ ಧೈರ್ಯ ನನಗಿಲ್ಲ. ತಿರುಗಿ ಬಂದು ಮೂವರ ಮುಂದೆಯೂ ಬೆಲ್ಲದ ತಟ್ಟೆ ಹಿಡಿದೆ. ಅವರು ನಿಧಾನಕ್ಕೆ ಕುಡಿದು, ಬಾಯಿ ಒರೆಸಿಕೊಂಡು, "ಬರ್ತೇವೆ ಮಾಸ್ಟ್ರೇ" ಎಂದು ಒಬ್ಬೊಬ್ಬರಾಗಿ ಓಡಿದರು. ನಾನು ಅವರನ್ನು ಗೇಟಿನವರೆಗೆ ಕಳಿಸಿಕೊಟ್ಟು, ಲೋಟ ಎತ್ತಿಟ್ಟು ಹೊರಟೆ. ಮತ್ತೆ ನಾಲ್ಕನೆಯವನಾದೆ.

ಸಂಜೆ ಅತ್ತೆಯ ಫೋನು ಬಂತು.

"ನಮ್ಮಲ್ಲಿ ನೀರು ಕುಡಿದ ಮೂರೂ ಜನಕ್ಕೆ ಮೆಡಲ್ ಸಿಕ್ಕಿತಂತೆ! ನಾನು ಅಷ್ಟು ಹೇಳಿದ್ರೂ ನೀವು ಮಾತ್ರ ಒಂದು ಗುಟುಕು ಕುಡೀಲಿಲ್ಲ."