ಹೇಳಿದ ದಿನಕ್ಕೆ ಬ್ಲೌಸು

ನಮ್ಮ ಕಸುಬಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಜನರ ಮನಸ್ಸು ತಿಳಿಯಲು ನಾವು ಹೋಗುತ್ತೇವೆ, ಜನ ನಮ್ಮ ತಲೆ ಕೆಡಿಸಿ ವಾಪಸು ಕಳಿಸುತ್ತಾರೆ.

ನಾನು ಇಂದಿರಾನಗರದ ಒಂದು ಪುಟ್ಟ ಜಾಹೀರಾತು ಕಚೇರಿಯಲ್ಲಿ ಕೆಲಸ ಮಾಡುವವಳು. ಯಾವ ಸಾಮಾನನ್ನು ಯಾರು ಕೊಳ್ಳುತ್ತಾರೆ, ಅವರಿಗೆ ಏನು ಬೇಕು, ಏನು ಕಂಡರೆ ಸಿಟ್ಟು, ಇದನ್ನೆಲ್ಲ ಪತ್ತೆ ಹಚ್ಚಿ ಕೊಡುವುದು ನನ್ನ ಪಾಲಿನ ಕೆಲಸ. ದೊಡ್ಡ ಕಂಪನಿಯವರು ಇದಕ್ಕೆ ಮನೆ ಮನೆಗೆ ಜನರನ್ನು ಕಳಿಸುತ್ತಾರೆ. ನಮ್ಮ ಬಾಸ್ ಕಳಿಸುವುದಿಲ್ಲ. "ಯಾಕ್ರೀ ಮನೆ ಮನೆಗೆ ಹೋಗ್ಬೇಕು? ಊರಿನವ್ರೆಲ್ಲ ಫೋನಿನ ಗ್ರೂಪ್‌ಗಳಲ್ಲಿ ಬೆಳಗಿಂದ ಸಂಜೆವರೆಗೂ ಪುಕ್ಕಟೆ ಬಾಯಿ ಬಡ್ಕೋತಾ ಇದ್ದಾರೆ. ಹೋಗಿ ಕೂತು ಕೇಳಿಸ್ಕೊಳ್ರಿ" ಎನ್ನುವುದು ಅವರ ವಾದ.

ಹಾಗೆ ಕೇಳಿಸಿಕೊಳ್ಳಲು ಹೋದ ಕಥೆಗಳಲ್ಲಿ ಬ್ಲೌಸಿನದೇ ದೊಡ್ಡದು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ, ಒಬ್ಬ ಬ್ಲೌಸ್ ಟೈಲರ್ ಇದ್ದಾರೆ. ಎಲ್ಲರೂ ಮಾಸ್ಟರ್ ಎಂದೇ ಕರೆಯುವುದು. ಹಲಸೂರಿನವರು. ಕೈಗೆ ಒಳ್ಳೆಯ ಹದವಿದೆ, ಕನ್ನಡ, ತಮಿಳು, ದಖ್ಖನಿ ಉರ್ದು ಮೂರರಲ್ಲೂ "ನಾಳೆ ಬನ್ನಿ" ಎನ್ನಬಲ್ಲರು. ಸುತ್ತಮುತ್ತ ರೆಡಿಮೇಡ್ ಬ್ಲೌಸಿನ ಅಂಗಡಿಗಳು ಬಂದ ಮೇಲೆ ಇವರ ಮೆಟ್ಟಿಲು ಹತ್ತುವವರು ಕಡಿಮೆಯಾದರು. ಈ ಮದುವೆ ಸೀಸನ್ನಿನಲ್ಲೂ ಗಿರಾಕಿ ಬರದಿದ್ದರೆ ಅಂಗಡಿ ಬಿಟ್ಟುಕೊಟ್ಟು ಕೆ.ಆರ್. ಪುರಂ ಕಡೆಯ ಗಾರ್ಮೆಂಟ್ಸ್ ಒಂದಕ್ಕೆ ಸೇರುವುದು ಎಂದು ತೀರ್ಮಾನಿಸಿದ್ದರು.

ಅವರ ಹೆಂಡತಿ ಅಂಗಡಿಯಲ್ಲೇ ಕೂತು ಹುಕ್ಕು, ಹೆಮ್ಮಿಂಗ್ ಮಾಡುತ್ತಾರೆ. "ಅಲ್ಲಿ ಬೆಲ್ ಹೊಡೆದ್ರೆ ಕೂರ್ಬೇಕು, ಬೆಲ್ ಹೊಡೆದ್ರೆ ಏಳ್ಬೇಕು ಮೇಡಂ. ಇವ್ರು ಒಂದು ವಾರದಲ್ಲಿ ಒಣಗಿ ಹೋಗ್ತಾರೆ" ಎಂದರು ನನ್ನ ಹತ್ತಿರ. ಕೇಳಿ ನನಗೆ ನಿಜವಾಗಿ ಬೇಜಾರಾಯಿತು. ಬಾಸಿಗೂ ಆಯಿತು, ಯಾಕೆಂದರೆ ಬಾಸಿನ ಹೆಂಡತಿಯ ಬ್ಲೌಸ್ ಹೊಲಿಯುವವರು ಇದೇ ಮಾಸ್ಟರ್. ಅಂಗಡಿ ಉಳಿಸುವ ಕೆಲಸ ಬಾಸಿಗೆ ಮನೆಯಿಂದ ಬಂತು, ನನಗೆ ಬಾಸಿನಿಂದ ಬಂತು.

ಎಲ್ಲರೂ ಫಾಲೋಯಿಂಗ್

ಮೊದಲು ಸೇರಿದ್ದು ಫ್ರೇಜರ್ ಟೌನ್, ಹಲಸೂರು ಕಡೆಯ ಹೆಂಗಸರ ಒಂದು ದೊಡ್ಡ ಗ್ರೂಪಿಗೆ. ಅಡ್ಮಿನ್ ರಿಟೈರ್ ಆದ ಟೀಚರ್. ಒಳಗೆ ಬಿಡುವ ಮುಂಚೆ ಯಾವ ಏರಿಯಾ, ಯಾರ ಪರಿಚಯ, ಏನು ಕೆಲಸ ಎಂದು ನನ್ನ ಜಾತಕವನ್ನೇ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. "ಜಾಹೀರಾತು ಹಾಕೋ ಹಾಗಿಲ್ಲ. ಗುಡ್ ಮಾರ್ನಿಂಗ್ ಹೂವು ಹಾಕೋ ಹಾಗಿಲ್ಲ. ಪ್ರಶ್ನೆ ಕೇಳ್ಬಹುದು" ಎಂದು ಸೇರಿಸಿಕೊಂಡರು.

ಕೇಳಿದೆ: "ನಿಮ್ಮ ಬ್ಲೌಸ್ ಟೈಲರ್ ಹೇಗಿದ್ದರೆ ನಿಮಗೆ ಇಷ್ಟ?"

ಒಬ್ಬರು "ಫಾಲೋಯಿಂಗ್" ಎಂದು ಬರೆದರು. ಬೇರೆಯವರು ಉತ್ತರ ಕೊಟ್ಟರೆ ನಾನೂ ಓದುತ್ತೇನೆ ಎಂದು ಅದರ ಅರ್ಥ. ಅವರ ಹಿಂದೆ ಇನ್ನೊಬ್ಬರು ಫಾಲೋಯಿಂಗ್, ಅವರ ಹಿಂದೆ ಮತ್ತೊಬ್ಬರು. ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತರು, ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಕೊನೆಗೆ ಒಬ್ಬರು ಬಾಯಿಬಿಟ್ಟರು. "ಟೈಲರ್ ಬಿಡಿ, ಒಳ್ಳೆ ಅಡುಗೆಯವ್ರು ಇದ್ರೆ ಹೇಳಿ." ಅದಕ್ಕೆ ಇನ್ನೊಬ್ಬರು, "ಅಡುಗೆಯವ್ರು ಯಾಕೆ, ಮಾಸ್ಕ್ ರೋಡಿಂದ ಬಿರಿಯಾನಿ ತರಿಸ್ಕೊಳ್ಳಿ" ಎಂದರು. ಮಾಸ್ಕ್ ರೋಡಿನ ಯಾವ ಹೋಟೆಲಿನಿಂದ ಎನ್ನುವುದರ ಮೇಲೆ ಸಂಜೆವರೆಗೂ ಜಗಳ ನಡೆಯಿತು. ನಡುವೆ ಒಬ್ಬರು ನನಗೊಬ್ಬಳಿಗೇ ಮೆಸೇಜ್ ಕಳಿಸಿದರು. ಆಸೆಯಿಂದ ತೆಗೆದೆ. ಬಾಡಿಗೆ ಮನೆಯ ವಿಷಯ.

ಮಾರನೆಯ ದಿನ ಬಾಸ್ ಕೇಳಿದರು, "ಏನ್ರೀ, ಜನಕ್ಕೆ ಏನ್ ಬೇಕಂತೆ?"

"ಬಿರಿಯಾನಿ ಸರ್. ಜೊತೆಗೆ, ಕಾಕ್ಸ್ ಟೌನಲ್ಲಿ ಎರಡು ಬೆಡ್‌ರೂಮಿನ ಮನೆ ಖಾಲಿ ಇದೆ."

ತಂಗಿಯ ಮದುವೆ

ಕೇಳಿದರೆ ಏನೂ ಸಿಗುವುದಿಲ್ಲ, ಬೇರೆ ಯಾರೋ ಯಾರಿಗೋ ಹೇಳಿದ್ದನ್ನು ಓದಬೇಕು ಎಂದು ಬುದ್ಧಿ ಬಂತು. ಗ್ರೂಪಿನ ಹಳೆಯ ಮಾತುಗಳಲ್ಲಿ ಬ್ಲೌಸ್ ಎಂಬ ಪದ ಹುಡುಕಿದೆ. ಅಬ್ಬಬ್ಬಾ! ತೋಳು ಬಿಗಿ, ಕುತ್ತಿಗೆ ಅಗಲ, ಇವೆಲ್ಲ ಚಿಲ್ಲರೆ ದೂರುಗಳು. ದೊಡ್ಡ ದೂರು ಒಂದೇ, ಯಾವ ಮಾಸ್ಟರೂ ಹೇಳಿದ ದಿನಕ್ಕೆ ಕೊಡುವುದಿಲ್ಲ.

ಅದಕ್ಕೆ ಹೆಂಗಸರು ಮದ್ದನ್ನೂ ಕಂಡುಕೊಂಡಿದ್ದರು. ಮದುವೆಯ ದಿನವನ್ನು ಟೈಲರಿಗೆ ಯಾವತ್ತೂ ಸರಿಯಾಗಿ ಹೇಳಬಾರದು. ತಿಂಗಳ ಕೊನೆಗಿದ್ದರೆ ಮೊದಲ ವಾರ ಎನ್ನಬೇಕು. ಅವನು ಎಷ್ಟು ಎಳೆದಾಡಿದರೂ ಮುಹೂರ್ತದ ಹೊತ್ತಿಗೆ ಕೈಗೆ ಬರುತ್ತದೆ. ಮದುವೆಯೇ ಇಲ್ಲದಿದ್ದರೂ ಇದೆ ಎನ್ನಬೇಕು, ಇಲ್ಲದಿದ್ದರೆ ಬಟ್ಟೆಯನ್ನು ಮುಟ್ಟುವುದೂ ಇಲ್ಲ. ಇದಕ್ಕೆ ಹಲಸೂರಿನ ಒಬ್ಬ ಗೃಹಿಣಿ ಬರೆದಿದ್ದರು: "ನಾನಂತೂ ಪ್ರತಿ ಸಲ ತಂಗಿ ಮದುವೆ ಅಂತೀನಿ. ನಮ್ಮ ಮಾಸ್ಟರ್ ಲೆಕ್ಕದಲ್ಲಿ ನನ್ನ ತಂಗಿಗೆ ನಾಲ್ಕು ಮದುವೆ ಆಗಿದೆ. ಮೊನ್ನೆ ಅವಳನ್ನ ಅಂಗಡಿಗೆ ಕರ್ಕೊಂಡ್ ಹೋದ್ರೆ, ಪಾಪ, 'ಈ ಸಲದೋರಾದ್ರೂ ಚೆನ್ನಾಗಿ ನೋಡ್ಕೋತಾರಾಮ್ಮ' ಅಂತ ಕೇಳಿದ್ರು."

ಸೇತುವೆ ಮೇಲಿನ ಗಂಡಸು

ಬ್ಲೌಸ್ ತರಲು ಹೋಗುವುದು ಎಷ್ಟೋ ಸಲ ಗಂಡಂದಿರು, ಅವರನ್ನೂ ಕೇಳಿ ಎಂದರು ಬಾಸ್. ಗಂಡಸರು ತಡಮಾಡದೆ ಉತ್ತರ ಕೊಡುವ ಗ್ರೂಪ್ ಒಂದೇ, ಕೆ.ಆರ್. ಪುರಂ ಸೇತುವೆಯ ಟ್ರಾಫಿಕ್ ಗ್ರೂಪು. ಅಲ್ಲಿ ಸಿಕ್ಕಿಹಾಕಿಕೊಂಡವರಿಗೆ ಬೇರೆ ಕೆಲಸವೇನಿದೆ?

ಒಬ್ಬರು ಶುರು ಮಾಡಿದರು: "ಹೋದ ವಾರ ನಮ್ಮ ಮನೆಯವಳ ಬ್ಲೌಸ್ ತರೋಕೆ ಶಿವಾಜಿನಗರಕ್ಕೆ ಹೋಗಿದ್ದೆ. ಟೈಲರ್ ಏನ್ ಮಾಡಿದ ಗೊತ್ತಾ? ಬ್ಲೌಸ್ ಕೈಗಿಟ್ಟ, ಬಿಚ್ಚಿ ನೋಡ್ತೀನಿ..."

ಅಷ್ಟೇ. ಆಮೇಲೆ ಸದ್ದಿಲ್ಲ. ಏನಿತ್ತು, ಏನಾಯಿತು ಎಂದು ಎಲ್ಲರೂ ಬೇಡಿಕೊಂಡರು. ನಾನೂ ಕಚೇರಿಯಲ್ಲಿ ಊಟ ಬಿಟ್ಟು ಫೋನ್ ನೋಡುತ್ತ ಕೂತೆ. ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಅವರು ಮುಂದುವರಿಸಿದರು: "ಸಾರಿ, ನಿನ್ನೆ ಗಾಡಿ ಮುಂದಕ್ಕೆ ಹೋಯ್ತು. ಬಿಚ್ಚಿ ನೋಡ್ತೀನಿ, ಒಂದು ತೋಳೇ ಇಲ್ಲ! ನಾನು ಬಿಡ್ತೀನಾ? ಹಿಡ್ಕೊಂಡೆ. ಅದಕ್ಕವನು ಏನಂದ ಅಂದ್ರೆ..."

ಮತ್ತೆ ಸೇತುವೆ ಖಾಲಿಯಾಯಿತು. ಮುಂದೆ ರಜೆಗಳು ಬಂದವು. ಟೈಲರ್ ಏನಂದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕಡೆ ಟ್ರಾಫಿಕ್ ಕಮ್ಮಿಯಾಗಲಿ ಎಂದು ಇಡೀ ಊರು ಕೇಳಿಕೊಳ್ಳುವಾಗ, ಒಂದು ದಿನ ಚೆನ್ನಾಗಿ ಜಾಮ್ ಆಗಲಪ್ಪ ಎಂದು ಬೇಡಿಕೊಂಡವಳು ನಾನೊಬ್ಬಳೇ.

ಪಕ್ಕದ ಗಲ್ಲಿಯವನು

ಓದಿದ್ದನ್ನೆಲ್ಲ ಮಾಸ್ಟರ್‌ಗೆ ಹೇಳಬೇಕಲ್ಲ, ಮೆಟ್ಟಿಲು ಹತ್ತಿ ಹೋದೆ. ಯಾರ ಹೆಸರೂ ಹೇಳದೆ ದೂರುಗಳನ್ನು ಒಂದೊಂದಾಗಿ ಓದಿದೆ. ಮೆಷಿನ್ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಮಾಸ್ಟರ್‌ಗೆ ಕೇಳುತ್ತ ಕೇಳುತ್ತ ಸಿಟ್ಟು ನೆತ್ತಿಗೇರಿತು.

"ನೋಡಿ ಮೇಡಂ, ಇಂಥವ್ರಿಂದಾನೇ ನಮ್ಮ ಕಸುಬಿಗೆ ಕೆಟ್ಟ ಹೆಸರು. ಹೆಣ್ಮಕ್ಳನ್ನ ಹಿಂಗ್ ಅಲೆಸೋದಾ?"

ಇನ್ನೊಂದು ಓದಿದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿ, ಕಡಿದಾದ ಮೆಟ್ಟಿಲು, ಮೇಲೆ ಒಬ್ಬ ಮಾಸ್ಟರ್. ಹೋದಾಗಲೆಲ್ಲ ನಿಮ್ಮ ಬ್ಲೌಸ್ ಇಸ್ತ್ರಿಗೆ ಹೋಗಿದೆ ಎನ್ನುತ್ತಾರೆ, ಬಟ್ಟೆ ಎಲ್ಲಿದೆಯೋ ದೇವರೇ ಬಲ್ಲ.

ಮಾಸ್ಟರ್ ಒಂದು ಕ್ಷಣ ಯೋಚಿಸಿದರು. "ಗೊತ್ತಾಯ್ತು ಬಿಡಿ. ಪಕ್ಕದ ಗಲ್ಲಿಯೋನು. ಅವನ್ದೂ ಮೆಟ್ಲು ಕಡಿದೇ."

ಮೂಲೆಯಲ್ಲಿ ಹುಕ್ಕು ಹಾಕುತ್ತಿದ್ದ ಹೆಂಡತಿ ಸೂಜಿ ಕೆಳಗಿಟ್ಟು ಬಂದರು. "ರೀ, ಸ್ವಲ್ಪ ಎದ್ದೇಳಿ" ಎಂದರು. ಮಾಸ್ಟರ್ ಎದ್ದರು. ಸ್ಟೂಲಿನ ಮೇಲೆ, ಮೆತ್ತಗಿರಲಿ ಎಂದು ಮಡಿಚಿ ಹಾಕಿಕೊಂಡಿದ್ದ ಕವರು ಇತ್ತು. ಆಕೆ ಅದರೊಳಗಿಂದ ನೀಲಿ ಬಣ್ಣದ ಬ್ಲೌಸ್ ಪೀಸೊಂದನ್ನು ತೆಗೆದು ಒದರಿದರು. "ಇಸ್ತ್ರಿ ಚೆನ್ನಾಗೇ ಆಗಿದೆ ಮೇಡಂ" ಎಂದು ನನ್ನ ಕೈಗೆ ಕೊಟ್ಟರು.

ಗೇಟಿನಲ್ಲಿ ಅಳತೆ

ಈ ನಡುವೆ ಬಾಸ್ ತಾವೂ ಸಂಶೋಧನೆ ಮಾಡಬೇಕೆಂದು ಹೊರಟರು. ಅವರ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಂದೇ ಸಾಲು ಬರೆದರು: "ಟೈಲರ್‌ಗಳಿಂದ ನಿಮಗೇನು ತೊಂದರೆ?"

ಸೆಕ್ರೆಟರಿ ಅದನ್ನು ದೂರು ಎಂದು ತಿಳಿದರು. ಯಾವ ಟೈಲರ್, ಯಾವ ಬ್ಲಾಕಿಗೆ ಬಂದಿದ್ದ, ಏನು ತೊಂದರೆ ಕೊಟ್ಟ ಎಂದು ವಿಚಾರಣೆ ಶುರುವಾಯಿತು. ಮೂರನೇ ಮಹಡಿಯವರು ತಮ್ಮ ಚಪ್ಪಲಿ ಕಳೆದುಹೋದದ್ದನ್ನು ನೆನಪಿಸಿಕೊಂಡರು. ಬಾಸ್ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಸಂಜೆಯೊಳಗೆ ಗೇಟಿನಲ್ಲಿ ಬೋರ್ಡು ಬಿತ್ತು, ಟೈಲರ್‌ಗಳಿಗೆ ಪ್ರವೇಶವಿಲ್ಲ.

ಎರಡು ದಿನ ಬಿಟ್ಟು ಬಾಸಿನ ಹೆಂಡತಿಯ ಅಳತೆ ತೆಗೆಯಲು ಮಾಸ್ಟರ್ ಹೋದರು. ಸೆಕ್ಯೂರಿಟಿ ಬಿಡಲಿಲ್ಲ. ಕೊನೆಗೆ ಆಕೆಯೇ ಕೆಳಗಿಳಿದು ಬಂದು ಹಳೆಯ ಅಳತೆ ಬ್ಲೌಸನ್ನು ಗೇಟಿನ ಸರಳುಗಳ ನಡುವೆ ತೂರಿಸಿ ಕೊಟ್ಟರು. ಮಾಸ್ಟರ್ ಆಚೆಯಿಂದ, "ಏನೂ ಯೋಚ್ನೆ ಮಾಡ್ಬೇಡಿಮ್ಮ, ಬೇಗ ಬಿಡಿಸ್ತೀವಿ" ಎಂದು ಧೈರ್ಯ ಹೇಳಿ ಬಂದರಂತೆ.

ರೆಡಿ ಆಗಿದೆ

ಇಷ್ಟೆಲ್ಲ ಆದ ಮೇಲೆ ನಾನು ಬಾಸಿಗೆ ಕೊಟ್ಟ ವರದಿ ಒಂದೇ ವಾಕ್ಯದ್ದು: ಗಿರಾಕಿಗಳಿಗೆ ಹೇಳಿದ ದಿನಕ್ಕೆ ಬ್ಲೌಸ್ ಬೇಕು. ಇನ್ನು ಹಾಗೇ ಕೊಡುತ್ತೇನೆ ಎಂದು ಮಾಸ್ಟರ್, ತಮ್ಮ ಹೆಂಡತಿಯ ಮುಖ ನೋಡಿ, ಒಪ್ಪಿಕೊಂಡರು. ಗ್ರೂಪಿನಲ್ಲಿ ಜಾಹೀರಾತು ನಿಷಿದ್ಧ, ಪ್ರಶ್ನೆ ಅಲ್ಲವಲ್ಲ. "ಹೇಳಿದ ದಿನಕ್ಕೇ ಬ್ಲೌಸ್ ಕೊಡುವ ಮಾಸ್ಟರ್ ಒಬ್ಬರಿದ್ದಾರೆ, ಹೋಗ್ತೀರಾ?" ಎಂದು ಕೇಳಿ ವಿಳಾಸ ಹಾಕಿದೆ. ಹೆಂಗಸರು ಮೆಟ್ಟಿಲು ಹತ್ತಿದರು. ಕಪಾಟು ತುಂಬ ಬಟ್ಟೆ ಬಿತ್ತು.

ಗಂಡ ಹೆಂಡತಿ ಇಬ್ಬರೂ ಬೆನ್ನು ಬಗ್ಗಿಸಿ ದುಡಿದರು. ಹೇಳಿದ ದಿನಕ್ಕೆ ಎಲ್ಲ ಬ್ಲೌಸೂ ಹೊಲಿದು, ಮಡಿಚಿ, ಚೀಟಿ ಅಂಟಿಸಿ ಇಟ್ಟರು. ಮಾಸ್ಟರ್ ಹೊಸ ಶರ್ಟ್ ಹಾಕಿಕೊಂಡು ಕೂತರು.

ಯಾರೂ ಬರಲಿಲ್ಲ.

ಮಾರನೆಯ ದಿನವೂ ಬರಲಿಲ್ಲ. ಬರುವುದು ಹೇಗೆ? ಟೈಲರ್ ಹೇಳಿದ ದಿನಕ್ಕೆ ಟೈಲರ್ ಅಂಗಡಿಗೆ ಹೋಗುವಷ್ಟು ದಡ್ಡರು ನಮ್ಮ ಊರಿನಲ್ಲಿ ಯಾರಿದ್ದಾರೆ? ಮದುವೆ ದಿನವನ್ನೂ ಎಲ್ಲರೂ ಇದ್ದದ್ದಕ್ಕಿಂತ ಮೊದಲೇ ಎಂದು ಹೇಳಿದ್ದರು, ಅವರಿಗೆ ಅವಸರವಿಲ್ಲ. ಗಿರಾಕಿ ಬಂದು ಒಯ್ಯದೆ ಮಜೂರಿ ಬರುವುದಿಲ್ಲ. ಇತ್ತ ಕಟ್ಟಡದ ಓನರ್ ಅಂಗಡಿಯನ್ನು ಮೊಬೈಲ್ ಕವರ್ ಮಾರುವವನೊಬ್ಬನಿಗೆ ತೋರಿಸಿಯೂ ಆಗಿತ್ತು. ಅವನು ಅಗಲ ಉದ್ದ ನೋಡಲು ಬಂದಾಗ ಅವನ ಹತ್ತಿರ ಟೇಪ್ ಇರಲಿಲ್ಲ. ಮಾಸ್ಟರೇ ಕುತ್ತಿಗೆಯಿಂದ ತೆಗೆದು ಕೊಟ್ಟರು. ನಾನು ಅಲ್ಲೇ ಇದ್ದೆ. ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಆಮೇಲೆ ಮಾಸ್ಟರ್ ಫೋನ್ ತೆಗೆದುಕೊಂಡು ಒಬ್ಬೊಬ್ಬರಿಗೂ "ಅಮ್ಮಾ, ನಿಮ್ಮ ಬ್ಲೌಸ್ ರೆಡಿ ಆಗಿದೆ, ಬಂದು ತಗೊಂಡ್ ಹೋಗಿ" ಎಂದು ಹೇಳತೊಡಗಿದರು. ಗ್ರೂಪಿನಲ್ಲಿ ಗದ್ದಲವೆದ್ದಿತು.

"ಬ್ಲೌಸ್ ರೆಡಿ ಅಂತ ಒಬ್ಬ ಫೋನ್ ಮಾಡ್ತಿದ್ದಾನೆ. ಎಲ್ಲಾದ್ರೂ ಟೈಲರ್ ತಾನಾಗಿ ಫೋನ್ ಮಾಡೋದುಂಟಾ? ಹುಷಾರು, ಓಟಿಪಿ ಕೇಳಿದ್ರೆ ಕೊಡ್ಬೇಡಿ."

"ನನಗೂ ಬಂತು. ಹೆದರಿ ಕಟ್ ಮಾಡ್ದೆ."

"ಅಯ್ಯೋ, ನನ್ನ ಅಳತೆ ಕೂಡ ಗೊತ್ತು ಕಣ್ರೀ ಅವನಿಗೆ!"

ಅಡ್ಮಿನ್ ಟೀಚರ್ ಮಾಸ್ಟರ್ ನಂಬರನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹಾಕಿ, ಈ ವಂಚಕನಿಂದ ದೂರವಿರಿ ಎಂದು ಬರೆದರು. ಅವರು ನಿಜವಾದ ಟೈಲರ್ ಎಂದು ನಾನು ಬರೆದೆ. "ಓಹೋ, ನೀವೂ ಅದೇ ಗ್ಯಾಂಗಾ?" ಎಂದು ನನ್ನನ್ನು ಹೊರಗೆ ಹಾಕಿದರು.

ಮಾಸ್ಟರ್ ಮೆಷಿನ್ನಿಗೆ ಕವರ್ ಹಾಕಿದರು. ಅದನ್ನು ನೋಡಿದ ಹೆಂಡತಿ ತಮ್ಮ ಫೋನ್ ತೆಗೆದುಕೊಂಡರು.

"ಅಮ್ಮಾ, ಬ್ಲೌಸ್ ಅಂಗಡಿಯಿಂದ. ನಿಮ್ದು ಇನ್ನೂ ಮುಟ್ಟೇ ಇಲ್ಲ. ಇನ್ನೊಂದು ವಾರ ಆಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ."

ಆ ಕಡೆಯ ಬೈಗುಳ ನನಗೂ ಕೇಳಿಸಿತು. ಆಕೆ ಶಾಂತವಾಗಿ ಮುಂದಿನ ನಂಬರ್ ಒತ್ತಿದರು. ಆಟೋಗಳು ಗಲ್ಲಿಯ ಬಾಯಲ್ಲಿ ಬಂದು ನಿಲ್ಲತೊಡಗಿದವು. ಮೆಟ್ಟಿಲು ದಡದಡ ಎಂದಿತು. "ಏನ್ ಮಾಸ್ಟರ್, ಹೇಳಿದ ದಿನಕ್ಕೆ ಅಂದ್ರಲ್ಲ, ನಾಚ್ಕೆ ಆಗಲ್ವಾ?" ಎಂದು ಮೊದಲನೆಯಾಕೆ ಒಳಗೆ ನುಗ್ಗಿದರು. ರೆಡಿ ಇದೆ ಎನ್ನಲು ಮಾಸ್ಟರ್ ಬಾಯಿ ತೆರೆದರು, ಹೆಂಡತಿ ಕೈ ಚಿವುಟಿದರು. ಬೈಯುವುದು ಪೂರ್ತಿ ಮುಗಿದ ಮೇಲೆ ಮಾಸ್ಟರ್ ತಲೆ ತಗ್ಗಿಸಿ ಕಪಾಟಿನಿಂದ ಬ್ಲೌಸ್ ತೆಗೆದು ಕೊಟ್ಟರು. ಆಕೆಯ ಮುಖದಲ್ಲಿ ಗೆದ್ದ ಕಳೆ. ದುಡ್ಡು ಕೊಟ್ಟು, "ಹಿಂಗ್ ಬೈದ್ರೇನೇ ನೀವು ದಾರಿಗೆ ಬರೋದು" ಎಂದು ಇಳಿದು ಹೋದರು. ಅವರ ಹಿಂದೆ ಮುಂದಿನವರು. ಸಂಜೆಗೆ ಕಪಾಟು ಖಾಲಿಯಾಯಿತು. ಮೊಬೈಲ್ ಕವರಿನವನು ಇನ್ನೊಮ್ಮೆ ನೋಡಿ ಹೋಗಲು ಬಂದಿದ್ದನಂತೆ, ಆ ಹೆಂಗಸರ ನಡುವೆ ಮೆಟ್ಟಿಲು ಹತ್ತಲು ಧೈರ್ಯ ಸಾಲದೆ ಹೊರಟುಹೋದ. ಅಂಗಡಿ ಬಿಡುವುದಿಲ್ಲ ಎಂದು ಮಾಸ್ಟರ್ ಅವತ್ತೇ ಓನರಿಗೆ ಹೇಳಿದರು. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬ್ಲೌಸ್ ಕೈಗೆ ಬಂದ ಮೇಲೆ ಗ್ರೂಪಿನವರು ನನ್ನನ್ನು ವಾಪಸು ಸೇರಿಸಿಕೊಂಡರು. ಮಾಸ್ಟರ್‌ಗೆ ಈಗ ಬಿಡುವಿಲ್ಲ. ಮೊನ್ನೆ ನಾನು ಅಲ್ಲಿದ್ದಾಗ ಒಬ್ಬಾಕೆ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಿದರು. "ಏನ್ರೀ ಮಾಸ್ಟರ್, ಒಂದು ಬ್ಲೌಸಿಗೆ ಎಷ್ಟ್ ಸಲ ಅಲೆಸ್ತೀರಿ? ಮನುಷ್ಯರಾ ನೀವು?" ಮೇಲೆ ಬಂದು ನಿಂತು ಇನ್ನಷ್ಟು ಬೈದರು. ಮಾಸ್ಟರ್ ತಲೆ ತಗ್ಗಿಸಿ ಕಪಾಟೆಲ್ಲ ಹುಡುಕಿದರು. ಸಿಗಲಿಲ್ಲ. ಗಾಬರಿಯಾಗಿ ಕೇಳಿದರು, "ಅಮ್ಮಾ, ನಿಮ್ದು ಯಾವ ಬಣ್ಣದ್ದು?"

ಆಕೆ ಕುರ್ಚಿ ಎಳೆದುಕೊಂಡು ಕೂತರು. ಉಸಿರು ಸುಧಾರಿಸಿಕೊಂಡು ಚೀಲದಿಂದ ಕತ್ತರಿ ಕಾಣದ ಹೊಸ ಬಟ್ಟೆ ತೆಗೆದರು.

"ಇದೇ. ಕೊಡೋಕೆ ಈಗ ಬಂದಿದ್ದೀನಿ. ಮೊದ್ಲೇ ಬೈದು ಕೊಟ್ಬಿಟ್ರೆ ಬೇಗ ಆಗುತ್ತೆ ಅಂತ ಗ್ರೂಪಲ್ಲಿ ಹೇಳಿದ್ರು."