ಅತ್ಯುತ್ತಮ ಆದಿವಾಸಿ

ನನಗೆ ಸಿಟ್ಟು ಬರುವುದೇ ಅಪರೂಪ ಎಂದು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತೇನೆ. ಅದು ಸದಾ ಮೂಗಿನ ತುದಿಯಲ್ಲೇ ಕೂತಿರುವಾಗ ಹೊಸದಾಗಿ ಎಲ್ಲಿಂದ ಬರಬೇಕು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಹಾನಗಲ್ಲಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ದಿನಾ ಶಿಗ್ಗಾಂವಿಯಿಂದ ಬಸ್ಸಿಗೆ ಬರುತ್ತೇನೆ. ಅರ್ಧ ಸಿಟ್ಟು ಸೀಟಿನ ಜಗಳದಲ್ಲೇ ಇಳಿದುಹೋಗುತ್ತದೆ, ಉಳಿದರ್ಧ ಹುಡುಗರ ಅಲ್ಪಪ್ರಾಣ ಮಹಾಪ್ರಾಣಗಳ ಮೇಲೆ. ಆದರೆ ಈ ಸಲದ ಆದಿವಾಸಿ ದಿನಾಚರಣೆಯಂದು ಬಂದ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಅದನ್ನು ನಿಮ್ಮ ಮುಂದೆ ಹೇಳಿಯಾದರೂ ಹಗುರಾಗಬೇಕು.

‘ಮೂಲನಿವಾಸಿಗಳ ಹಕ್ಕುಗಳನ್ನು ಗುರುತಿಸಿ ಗೌರವಿಸತಕ್ಕದ್ದು’ ಎಂದು ಮೇಲಿನಿಂದ ಸುತ್ತೋಲೆ ಬಂತು. ಹಾರ, ಮೈಕು, ಸ್ವಾಗತಗೀತೆ ಇರುವ ಯಾವ ಕೆಲಸವಾದರೂ ಕನ್ನಡ ಮಾಸ್ತರನ ತಲೆಗೇ ಕಟ್ಟುವುದು ನಮ್ಮಲ್ಲಿ ರೂಢಿ. ಹಾಗಾಗಿ ನಾನೇ ಸಂಚಾಲಕ. ಪ್ರಾಂಶುಪಾಲರು ಸುತ್ತೋಲೆಯನ್ನು ಓದಿ ಕನ್ನಡಕ ತೆಗೆದಿಟ್ಟು, “ಎಲಿ ಕಟ್ಕೊಂಡು, ಮಾರಿಗೆ ಇದ್ಲಿ ಬಳ್ಕೊಂಡು ಕುಣಿಯೋ ಹುಡುಗರನ್ನ ಹುಡುಕ್ರಿ” ಎಂದರು. ‘ಹಕ್ಕು’ ಎಂಬುದು ಅವರ ಕಣ್ಣಿಗೆ ‘ಹಕ್ಕಿ’ ಎಂದು ಕಂಡಿತೋ ಏನೋ, ಒಂದು ಚೀಲ ಪುಕ್ಕ ತರಲು ಜವಾನನನ್ನೂ ಓಡಿಸಿದರು.

ಅದೇ ಹೊತ್ತಿಗೆ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು. ಬಿ.ಎ. ಎರಡನೇ ವರ್ಷದವಳು, ಹಿರೇಬೆಂಡಿಗೇರಿ ಕಡೆಯ ಹುಡುಗಿ. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವ ಬುರುಡ ಸಮಾಜದ ಮನೆ. ನಮ್ಮ ಕಡೆ ಮೇದಾರರು ಎಂದರೂ ಅವರೇ. ಸರ್ಕಾರದ ಬುಡಕಟ್ಟುಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಅವಳ ಜಾತಿ ಪ್ರಮಾಣಪತ್ರದಲ್ಲೂ ‘ಬುರುಡ’ ಎಂದು ಸ್ವಚ್ಛವಾಗಿದೆ. ನಮ್ಮ ಕಾಲೇಜಿನ ದಾಖಲೆಯಲ್ಲಿ ಮಾತ್ರ ‘ಬುರುಡೆ’ ಎಂದಿದೆ. ಎರಡೂ ತಾಳೆಯಾಗುವುದಿಲ್ಲ, ಕಾಲೇಜಿನಿಂದ ತಿದ್ದುಪಡಿ ಪತ್ರ ತಂದರೆ ಸೀಟು, ಇಲ್ಲವಾದರೆ ಇಲ್ಲ ಎಂದು ಹಾಸ್ಟೆಲಿನವರು ಹೇಳಿದ್ದರು. “ಬುರುಡೆ ಅನ್ನೋ ಜಾತಿ ಎಲ್ಲೈತಿ, ಬುರುಡೆ ಬಿಡಬ್ಯಾಡ ಅಂತ ನಕ್ಕರ್ರಿ ಸರ್” ಎಂದಳು. ಕೊನೆಯ ದಿನ ಯಾವುದೆಂದರೆ ಸರಿಯಾಗಿ ನಮ್ಮ ಕಾರ್ಯಕ್ರಮದ ದಿನವೇ. ಹಾಸ್ಟೆಲ್ ಸಿಗದಿದ್ದರೆ ಓದು ನಿಂತಂತೆಯೇ, ಹೋದ ವರ್ಷ ಇದ್ದ ನೆಂಟರ ಮನೆ ಈ ವರ್ಷ ಇಲ್ಲ, ಅವರ ಊರಿಂದ ದಿನಾ ಬಂದುಹೋಗಲು ಹೊಂದುವ ಬಸ್ಸಿಲ್ಲ.

ಪ್ರಾಂಶುಪಾಲರು ಅವಳನ್ನು ನೋಡಿ ಹಿಗ್ಗಿಬಿಟ್ಟರು. “ಹೆಂಗೂ ನೀ ಅವರಾಕಿನ ಅದಿ. ಮುಂದ ನಿಂತು ಕುಣೀಬೇಕವಾ. ನಿನ್ನ ಪತ್ರ ಫಂಕ್ಷನ್ ಮುಗಿದ ಮ್ಯಾಲೆ ನೋಡೂಣು.”

“ಕುಣೀಬಹುದ್ರಿ ಸರ್. ಆದ್ರ ನಮ್ಮವ್ವ ಸೀರಿ ಉಡ್ತಾಳ್ರಿ. ಎಲಿ ಉಡೋರು ಯಾರಂತ ನಂಗೂ ಗೊತ್ತಿಲ್ರಿ” ಎಂದಳು ಗಿರಿಜಾ. ನಾನು ನಗು ತಡೆಯಲಾಗದೆ ಕೆಮ್ಮಿದೆ. ಪ್ರಾಂಶುಪಾಲರು ನೀರು ಕುಡಿಯಿರಿ ಎಂದರು.

ಎಲೆ ಉಡಲೊಪ್ಪದ ಗಿರಿಜಾಳನ್ನು ಬಿಟ್ಟೇ ಕಾರ್ಯಕ್ರಮ ಜೋರಾಯಿತು. ಪೇಟೆಯ ಕಿರಾಣಿ ವ್ಯಾಪಾರಿಯ ಮಗನೊಬ್ಬ ಜೀನ್ಸ್ ಪ್ಯಾಂಟಿನ ಮೇಲೆ ಮಾವಿನ ತೋರಣ ಸುತ್ತಿಕೊಂಡು ಹೋ ಹೋ ಎಂದು ಕುಣಿದ. ಮುಖ್ಯ ಅತಿಥಿಗಳು, “ನಮ್ಮ ಭಾಗದಾಗ ಆದಿವಾಸಿಗಳು ಸಿಗಂಗಿಲ್ಲ, ಅವರನ್ನ ನೋಡಬೇಕಂದ್ರ ದೊಡ್ಡ ಅಡವಿಗೆ ಹೋಗಬೇಕು” ಎಂದು ಭಾಷಣ ಮಾಡಿದರು. ಆಗ ಅವರ ಮುಂದಿದ್ದ ಹಣ್ಣಿನ ಬುಟ್ಟಿ ಗಿರಿಜಾಳ ಅವ್ವ ಹೆಣೆದದ್ದು, ನಾನೇ ತರಿಸಿದ್ದೆ. ಕೊನೆಗೆ ಆ ತೋರಣದ ಹುಡುಗನಿಗೆ ಪ್ರಾಂಶುಪಾಲರ ಸಹಿ, ಕಾಲೇಜಿನ ಮೊಹರು ಎರಡೂ ಇದ್ದ ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ‘ಅತ್ಯುತ್ತಮ ಆದಿವಾಸಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹತ್ತು ನಿಮಿಷ ಕುಣಿದವನು ಆದಿವಾಸಿಯಾದ. ಹುಟ್ಟಿನಿಂದ ಆಗಿರುವವಳು ಒಂದು ಸಾಲಿನ ಪತ್ರಕ್ಕಾಗಿ ಕಂಬಕ್ಕೊರಗಿ ನಿಂತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು.

ವಂದನಾರ್ಪಣೆಯನ್ನು ಅಲ್ಲಿಗೇ ಬಿಟ್ಟು ಗಿರಿಜಾಳನ್ನು ಕರೆದುಕೊಂಡು ಆಫೀಸಿಗೆ ನುಗ್ಗಿದೆ. ಗುಮಾಸ್ತೆ ಪಾರ್ವತಕ್ಕ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು.

“ಪ್ರವೇಶದ ರಜಿಸ್ಟರ್ ತಗೀರಿ ಪಾರ್ವತಕ್ಕ. ಬುರುಡೆ ಅಂತ ಬರದ ಕತ್ತಿ ಯಾವುದು, ನಾನೂ ನೋಡ್ತೇನಿ” ಎಂದು ಗುಡುಗಿದೆ. ಒಂದು ಸಮಾಜದ ಹೆಸರು ಬರೆಯಲು ಬಾರದವರು ಅವರ ಹಕ್ಕಿನ ಬಗ್ಗೆ ಯಾವ ಮುಖದಿಂದ ಮಾತಾಡುತ್ತಾರೆ ಎಂದೂ ಸೇರಿಸಿದೆ. ಮಾತು ಚೆನ್ನಾಗಿ ಬಂತು ಅನಿಸಿ ಇನ್ನೊಮ್ಮೆ ಹೇಳಿದೆ.

ಪಾರ್ವತಕ್ಕ ಕೈ ತೊಳೆದು ಬಂದು, ರಜಿಸ್ಟರ್ ತೆರೆದು ನನ್ನ ಕಡೆ ತಿರುಗಿಸಿದರು. ಅವರ ನೀಲಿ ಅಕ್ಷರದಲ್ಲಿ ‘ಬುರುಡ’ ಎಂದೇ ಇತ್ತು. ಡಕಾರದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಎತ್ವ ಬಿದ್ದಿತ್ತು. ಪಕ್ಕದಲ್ಲೇ ನನ್ನ ಚಿಕ್ಕ ಸಹಿ. ಗಿರಿಜಾ ಸೇರಿದ ವರ್ಷ ಪ್ರವೇಶ ಸಮಿತಿಯಲ್ಲಿ ದಾಖಲೆ ಪರಿಶೀಲಿಸಿದವನು ನಾನೇ. ನಮ್ಮ ಜನ ಕೊನೆಯ ಎತ್ವ ನುಂಗುತ್ತಾರೆ ಎಂದುಕೊಂಡು, ಕನ್ನಡವನ್ನು ಉಳಿಸಿಬಿಟ್ಟಿದ್ದೆ.

“ತಿದ್ದಿದವರ ಬರದು ಕೊಟ್ರ ಸಾಕ್ರಿ ಸರ್. ಸಾಹೇಬರ ಸಹಿ, ಸಿಕ್ಕಾ ನಾ ಹಾಕಸ್ತೇನಿ” ಎಂದರು ಪಾರ್ವತಕ್ಕ. ಕತ್ತೆಯ ವಿಚಾರ ಎತ್ತಲಿಲ್ಲ, ದೊಡ್ಡವರು.

ನಾನು ಗಿರಿಜಾಳ ಕಡೆ ನೋಡಿದೆ. “ನಿನಗ ಗೊತ್ತಿತ್ತೇನು?”

“ಮೊದಲ ಗೊತ್ತಿತ್ರಿ, ರಜಿಸ್ಟರ್ ನೋಡಿದ್ನಿ. ನನ್ನ ಪೇಪರಿನಾಗೂ ಎತ್ವ ಹಿಂಗ ಹಾಕ್ತೀರಿ.”

“ಮತ್ತ ಹೇಳಬಾರದಾ?”

“ನನ್ನ ಸಲುವಾಗಿ ಸಿಟ್ಟಿಗೆದ್ದವರು ನೀವೊಬ್ಬರ ಇದ್ರಿ ಸರ್. ಅದೂ ಹೋದ್ರ ಹೆಂಗಂತ ಸುಮ್ಮನಿದ್ನಿ.”

ಕೂತು ಪತ್ರ ಬರೆದೆ. ‘ಪರಿಶೀಲಕರ ಕಣ್ತಪ್ಪಿನಿಂದ ಬುರುಡ ಎಂಬುದು ಬುರುಡೆ ಎಂದಾಗಿದೆ’ ಎಂದು ಬರೆದು ಅವಳ ಕೈಗಿತ್ತೆ. ಅವಳು ಓದಿದಳು. ಹೋಗಲಿಲ್ಲ.

“ಏನವಾ?”

“ಕಣ್ತಪ್ಪು ಅಲ್ರಿ ಸರ್. ಕಣ್ಣಿಟ್ಟ ತಿದ್ದೀರಿ.”

ಪತ್ರ ವಾಪಸು ತೆಗೆದುಕೊಂಡು ‘ಕಣ್ತಪ್ಪಿನಿಂದ’ ಎಂಬುದನ್ನು ಹೊಡೆದುಹಾಕಿ ‘ಅಜ್ಞಾನದಿಂದ’ ಎಂದು ಬರೆದೆ. ಗಿರಿಜಾ ಇನ್ನೊಮ್ಮೆ ಓದಿ, “ಈಗ ಬರೋಬ್ಬರಿ ಆತ್ರಿ” ಎಂದು, ಪಾರ್ವತಕ್ಕನಿಂದ ಸಹಿ, ಮೊಹರು ಹಾಕಿಸಿಕೊಂಡು ಹಾಸ್ಟೆಲಿನ ಕಡೆ ಓಡಿದಳು.